ಹೇಬಿಕ್ ಅಯ್ಯನವರು ಮನೆಗಳಿಗೆ ಹೋದದ್ದು

ಬಾಸೆಲ್ ಮಿಶನಿನಿಂದ ನಮ್ಮ ದೇಶಕ್ಕೆ ಮೊದಲು ಬಂದ ಮೂವರು ಬೋಧಕರಲ್ಲಿ ಸಾಮುವೇಲ್ ಹೇಬಿಕ್ ಅಯ್ಯನವರು ಒಬ್ಬರು. ಜಾತ್ರೆಗಳಲ್ಲಿ ನಿಂತು ಕಲ್ಲು ಮಣ್ಣುಗಳ ಪೆಟ್ಟನ್ನು ತಾಳಿ ಸುವಾರ್ತೆಯನ್ನು ಸಾರಿದವರೆಂದು ಅವರ ಹೆಸರು ಪ್ರಸಿದ್ಧವಾಗಿದೆ. ನಾವಾದರೋ ಅವರು ಒಬ್ಬೊಬ್ಬರ ಸಂಗಡ ಕೂತು ಮಾತಾಡಿದ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಅವರು 1803ನೆಯ ಇಸವಿಯಲ್ಲಿ ಜರ್ಮನಿ ದೇಶದ ಉಲ್ಮ್ ಪಟ್ಟಣದ ಬಳಿಯ ನೆಲ್ಲಿಂಗೆನ್ ಎಂಬ ಹಳ್ಳಿಯಲ್ಲಿ ಒಬ್ಬ ಬೋಧಕರ ಮಗನಾಗಿ ಹುಟ್ಟಿದರು. ಯೌವನದಲ್ಲಿ ಲ್ಯೂಬೆಕ್ ಪಟ್ಟಣದಲ್ಲಿ ವ್ಯಾಪಾರವನ್ನು ಕಲಿತು, ಅದರ ನಿಮಿತ್ತ ಸ್ವೀಡನ್, ರಶ್ಯಾ ಮುಂತಾದ ದೇಶಗಳಲ್ಲಿ ತಿರುಗಿದರು. ಗುರುತಿಲ್ಲದವರ ಬಾಗಲನ್ನು ತಟ್ಟುವ ಧೈರ್ಯವು ಅವರಿಗೆ ಆಗಲೇ ಬಂದಿರಬಹುದೆಂದು ನಮಗೆ ತೋರುತ್ತದೆ. ತರುವಾಯ ಬಾಸೆಲಿನಲ್ಲಿ ಕಲಿತು, ಲೇನರ್, ಗ್ರೈನರ್ ಎಂಬವರ ಸಂಗಡ 1834ನೆಯ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಮಂಗಳೂರಿಗೆ ಬಂದು ಮಿಶನಿನ ಕೆಲಸವನ್ನು ಪ್ರಾರಂಭಿಸಿದರು. 1841ರಲ್ಲಿ ಕಣ್ಣನೂರಿಗೆ ಹೋದರು.

ಕಣ್ಣನೂರು ಆಗ ದಂಡು ಇದ್ದ ಊರು. ಅಲ್ಲಿಯ ಇಂಗ್ಲಿಷ್ ಅಧಿಕಾರಿಗಳಲ್ಲಿ ಅನೇಕರು ಹೆಸರಿಗೆ ಮಾತ್ರ ಕ್ರೈಸ್ತರು. ಅಯ್ಯನವರಿಗೆ ಭಾಷೆಗಳ ವರವಿರಲಿಲ್ಲ. ಮಲೆಯಾಳದವರಿಗೆ ದುಭಾಷಿಯ ಮೂಲಕ ಉಪದೇಶಿಸುತ್ತಿದ್ದರು. ಅವರ ಇಂಗ್ಲಿಷ್ ಮಾತು ಕೇಳಿದವರಿಗೆ ನಗೆ ಬರುವಂಥದು. ಆದರೂ ಉದ್ದ ಗಡ್ಡದ ಈ ಮನುಷ್ಯರು ಕರೆಯದಿದ್ದರೂ ಅಧಿಕಾರಿಗಳ ಮನೆಗಳಿಗೆ ಹೋಗಿ, ಆತ್ಮದ ಕ್ಷೇಮವನ್ನು ನೇರವಾಗಿ ವಿಚಾರಿಸುತ್ತಿದ್ದರು. ಹಾಸ್ಯಮಾಡಿದವರೂ ಸಿಟ್ಟುಗೊಂಡವರೂ ಇದ್ದರು. ಅವರ ಮಾತು ಕೆಲವು ಸಾರಿ ಒರಟಾಗಿತ್ತೆಂಬುದನ್ನು ನಾವು ಮರೆಮಾಡುವುದಿಲ್ಲ. ಬೇರೆಯವರು ಹಾಗೆ ಆಡಿದರೆ ಬಾಗಲು ಮುಚ್ಚೀತು. ಆದರೆ ತಮಗೆ ಪ್ರೀತಿಯಿಲ್ಲದವನ ಮನೆಗೆ ಯಾರು ಪುನಃ ಪುನಃ ಹೋಗುವರು?

ಒಬ್ಬ ತರುಣ ಅಧಿಕಾರಿಯು ತನಗೆ ಸಂಭವಿಸಿದ್ದನ್ನು ಮುಂದೆ ತಾನೇ ತಿಳಿಸಿದನು. ಬಿಸಿಲು ಸುಡುವ ಹೊತ್ತಿನಲ್ಲಿ ಅವನು ಸುಮ್ಮನೆ ಒರಗಿಕೊಂಡಿರಲು ಅಯ್ಯನವರು ಒಳಗೆ ಬಂದು, ಕೈಕೊಟ್ಟು, ಕೂತುಕೊಂಡು, ಸತ್ಯವೇದವನ್ನು ತೆಗೆದುಕೊಂಡು ಬರಹೇಳಿದರು. ಅವನಲ್ಲಿ ಆ ಪುಸ್ತಕವು ಇತ್ತು; ಓದುವ ರೂಢಿ ಮಾತ್ರ ಇರಲಿಲ್ಲ. ಆದಿಕಾಂಡದ ಮೊದಲ ಮಾತುಗಳನ್ನು, ಭೂಮಿಯು ಬರಿದಾಗಿ ಕತ್ತಲು ಕವಿದಿದ್ದ ಸಂಗತಿಯನ್ನು, ಅವನಿಂದ ಓದಿಸಿದರು. ಬಳಿಕ ಮೊಣಕಾಲೂರಿ ಪ್ರಾರ್ಥಿಸಿ ಹೊರಟುಹೋದರು. ವಾದವೂ ಇಲ್ಲ, ಗದರಿಕೆಯೂ ಇಲ್ಲ. ಆ ಕತ್ತಲು ತನ್ನ ಹೃದಯದ್ದೇ ಎಂದು ಅವನಿಗೆ ಹೊಳೆದು, ಸಮಾಧಾನವು ತಪ್ಪಿತು. ಮರುದಿನ ಅಯ್ಯನವರು ಪುನಃ ಬಂದರು. ಅದರ ಮರುದಿನವೂ ಬಂದರು. ಆಗ ಅವನು ಅವರ ದಾರಿಯನ್ನೇ ನೋಡುತ್ತಿದ್ದನು. ಹೀಗೆ ಬೆಳಕು ಉಂಟಾದ ವಚನದ ತನಕ ಬಂದಾಗ ಅವನು ತನ್ನ ರಕ್ಷಕನನ್ನು ಕಂಡುಕೊಂಡನು.

ಇಂಥವರು ಒಬ್ಬರಲ್ಲ, ಇಬ್ಬರಲ್ಲ. ಒಂದು ಪಟಾಲಮಿಗೆ ಜನರು ಹೇಬಿಕರ ಪಟಾಲಮೆಂದೇ ಹೆಸರಿಟ್ಟರು. ಮಿಶನಿನ ಕೆಲಸಕ್ಕೆ ಬೇಕಾದ ಹಣದಲ್ಲಿಯೂ ಬಹಳವನ್ನು ಇಂಗ್ಲಿಷ್ ಸ್ನೇಹಿತರೇ ಕೊಟ್ಟರು.

ಅಯ್ಯನವರು ಮದುವೆಯಾಗಲಿಲ್ಲ. ಇಪ್ಪತ್ತೈದು ವರುಷ ಒಮ್ಮೆಯೂ ಸ್ವದೇಶಕ್ಕೆ ಹೋಗದೆ ದುಡಿದು, ದೇಹವು ಕುಗ್ಗಿದ ಕಾರಣ 1859ರಲ್ಲಿ ಹಡಗು ಹತ್ತಿದರು. ಜರ್ಮನಿ, ಸ್ವಿಟ್ಸರ್ಲೆಂಡ್ ದೇಶಗಳ ಊರುಗಳಲ್ಲಿಯೂ ಸುಮ್ಮನಿರದೆ ಉಪದೇಶಿಸುತ್ತಾ ಹೋಗಿ, 1868ರಲ್ಲಿ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.