ಹುಲಿಯ ಹಲ್ಲು ಮುರಿದ ಗುಂಡು

ಚಂಪಾವತದ ಹೆಣ್ಣುಹುಲಿ ತಿಂದದ್ದು 436 ಜನರನ್ನ. ನೇಪಾಳದಲ್ಲಿ 200, ಅಲ್ಲಿಂದ ಓಡಿಸಿದ ಮೇಲೆ ಕುಮಾವೂಂ ಬೆಟ್ಟಗಳಲ್ಲಿ 236. 1907ರಲ್ಲಿ ಅದನ್ನ ಕೊಂದ ಜಿಮ್ ಕಾರ್ಬೆಟ್ ಬಾಯಿ ತೆರೆದು ನೋಡಿದಾಗ ಗುಟ್ಟು ಗೊತ್ತಾಯ್ತು. ಬಲಗಡೆ ಮೇಲಿನ ಕೋರೆಹಲ್ಲು ಅರ್ಧ ಇಲ್ಲ, ಕೆಳಗಿನದು ಬುಡದ ತನಕ ಇಲ್ಲ. ಹಿಂದೆ ಯಾವನೋ ಹೊಡೆದ ಗುಂಡಿನ ಕೆಲಸ! ಜಿಂಕೆ, ಕಾಡುಹಂದಿ ಹಿಡಿಯಲಾಗದ ಹುಲಿ ಸೊಪ್ಪು ಕೊಯ್ಯುವ ಹೆಂಗಸರ ಮೇಲೆ ಬಿತ್ತು.

ಕಾರ್ಬೆಟ್ ನಮ್ಮವರಿಗೆ ಹೊಸಬನಲ್ಲ. ರುದ್ರಪ್ರಯಾಗದ ನರಭಕ್ಷಕನ ಕಥೆಯನ್ನ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಹುಟ್ಟಿದ್ದು 1875ರಲ್ಲಿ, ನೈನಿತಾಲ್‌ನಲ್ಲಿ, ಪೋಸ್ಟ್ ಮಾಸ್ಟರ್ ಮಗ. ಅಪ್ಪ ಬೇಗ ತೀರಿಕೊಂಡ. ಹುಡುಗನಿಗೆ ಸಿಕ್ಕಿದ ಮೊದಲ ಕೋವಿ ಮದ್ದು ತುಂಬಿ ಹೊಡೆಯೋ ಹಳೇ ಜೋಡುನಳಿಗೆ. ಅದರಲ್ಲೂ ಬಲನಳಿಗೆ ಸೀಳಿತ್ತು! ಒಂದೇ ನಳಿಗೆ, ಕೈಯಲ್ಲಿ ಇಷ್ಟೇ ಮದ್ದು. ಒಂದೇ ಈಡಿಗೆ ಬೀಳಿಸಬೇಕು ಅನ್ನೋ ಹಟ ಅಲ್ಲೇ ಬಂದಿರಬೇಕು. ಆಮೇಲೆ ರೈಲ್ವೆ ಸೇರಿ, ಮೊಕಾಮಾ ಘಾಟ್‌ನಲ್ಲಿ ಸರಕು ದಾಟಿಸುವ ಕಂತ್ರಾಟಿನಲ್ಲಿ ಇಪ್ಪತ್ತು ವರ್ಷ ಕಳೆದ.

ಕೋವಿ ಹಿಡಿದವರು ಸೇರಿದರೆ ಮಾತು ಒಂದೇ, ಯಾರ ಕೋವಿ ದೊಡ್ಡದು ಅಂತ. ದೊಡ್ಡ ಕೋವಿಯಿಂದ ಏನಾಗುತ್ತೆ, ಗುಂಡು ಎಲ್ಲಿ ಹೊಕ್ಕಿತು, ಎಷ್ಟು ಆಳ ಹೋಯ್ತು ಅನ್ನೋದು ಮುಖ್ಯ. ಮೂತಿ ಮೆತ್ತಗಿರೋ ಗುಂಡು ಮಾಂಸ ತಾಗಿದೊಡನೆ ಅಣಬೆ ಥರ ಅರಳುತ್ತೆ. ಎದೆಗೂಡು ಹೊಕ್ಕರೆ ಪ್ರಾಣಿ ಅಲ್ಲೇ ಕೂತುಬಿಡುತ್ತೆ. ಅದೇ ಗುಂಡು ಕಾಲಿಗೋ ದವಡೆಗೋ ಬಿದ್ದರೆ? ಪ್ರಾಣಿ ಬದುಕುತ್ತೆ, ಕುಂಟುತ್ತಾ. ಚರೆಯಂತೂ ಹುಲಿಯ ಭುಜದಂಥ ದಪ್ಪ ಮಾಂಸದಲ್ಲಿ ಆಳಕ್ಕೆ ಇಳಿಯೋದೇ ಇಲ್ಲ.

ಕಾರ್ಬೆಟ್‌ಗೂ ಈ ಪಾಠ ಆಗಿತ್ತು. ಚಂಪಾವತದಲ್ಲಿ ತನ್ನ ಮೂರೂ ತೋಟಾ ಮುಗಿದು, ತಹಶೀಲ್ದಾರನ ಕೋವಿ ಕಿತ್ತುಕೊಂಡು ಓಡಿದ. ನಳಿಗೆಗೂ ಹಿಂಭಾಗಕ್ಕೂ ನಡುವೆ ಬಿರುಕು ಬಿಟ್ಟ ಕೋವಿ ಅದು. ಗುರಿಯಿಟ್ಟಿದ್ದು ಹುಲಿಯ ಬಾಯಿಗೆ, ಗುಂಡು ಬಿದ್ದಿದ್ದು ಪಂಜಕ್ಕೆ! ಮೊದಲಿನ ಗುಂಡುಗಳು ಸರಿಯಾಗಿ ಹೊಕ್ಕಿದ್ದರಿಂದ ಬಚಾವು. ಆ ಬೇಟೆಗೆ ಮೆಚ್ಚಿ ಲೆಫ್ಟಿನೆಂಟ್ ಗವರ್ನರ್ ಹೆವೆಟ್ ಸಾಹೇಬ ಕೊಟ್ಟ .275 ರಿಗ್ಬಿ ರೈಫಲ್ಲಿನ ಗುಂಡು ಕೇವಲ 7 ಮಿಲಿಮೀಟರ್ ದಪ್ಪ. ಆಮೇಲೆ ಕಾರ್ಬೆಟ್‌ನ ಹೆಸರಿನ ಜೊತೆ ಅಂಟಿಕೊಂಡಿದ್ದು ಆ ಸಣ್ಣ ರೈಫಲ್ಲೇ.

ರುದ್ರಪ್ರಯಾಗದ ಚಿರತೆಗೆ 1921ರಲ್ಲಿ ಸೇತುವೆ ಮೇಲಿಂದ ಒಬ್ಬ ಯುವ ಅಧಿಕಾರಿ ಈಡು ಹೊಡೆದಿದ್ದ. ಕಾಲ್ಬೆರಳು ಹೋಯ್ತು, ಚಿರತೆ ಹೋಗಲಿಲ್ಲ. ಇನ್ನೂ ಐದು ವರ್ಷ ಮನುಷ್ಯರನ್ನ ತಿಂದಿತು. 1926ರಲ್ಲಿ ಕಾರ್ಬೆಟ್ ಅದನ್ನ ಉರುಳಿಸುವಾಗ ಲೆಕ್ಕ 125.

ನಡುವಯಸ್ಸಿನಲ್ಲಿ ಈತ ಮೋಜಿನ ಶಿಕಾರಿ ಬಿಟ್ಟು ಕ್ಯಾಮೆರಾ ಹಿಡಿದ. ನರಭಕ್ಷಕಗಳಿಗೆ ಮಾತ್ರ ರೈಫಲ್. 1938ರ ನವೆಂಬರ್‌ನಲ್ಲಿ, 63ನೇ ವಯಸ್ಸಿನಲ್ಲಿ, ಠಾಕ್ ಊರಿನ ಹೆಣ್ಣುಹುಲಿಯನ್ನ ಹೊಡೆದ. ಚರ್ಮ ಸುಲಿದರೆ ಎರಡು ಹಳೇ ಗಾಯ. ಎಡಭುಜದ್ದು ಕೀವಾಗಿ ಮಾಗಿ, ಚರ್ಮ ಮಾಂಸಕ್ಕೆ ಅಂಟಿಕೊಂಡುಬಿಟ್ಟಿತ್ತು. ಕಳ್ಳಬೇಟೆಯವನ ಚರೆ ಇರಬೇಕು ಅಂತ ಈತನ ಅಂದಾಜು.

1947ರಲ್ಲಿ ಅಕ್ಕ ಮ್ಯಾಗಿ ಜೊತೆ ಕೀನ್ಯಾಕ್ಕೆ ಹೋದ. 1955ರಲ್ಲಿ ಅಲ್ಲೇ ತೀರಿಕೊಂಡ. 1936ರಲ್ಲಿ ಶುರುವಾಗಿದ್ದ ರಾಮಗಂಗಾ ಕಣಿವೆಯ ಉದ್ಯಾನಕ್ಕೆ ಆಮೇಲೆ ಈತನ ಹೆಸರಿಟ್ಟರು.