ಹಳಿಯ ಪಕ್ಕದ ಹಳ್ಳಿ

ಬೆಂಗಳೂರಿನಿಂದ ಪೂರ್ವಕ್ಕೆ ಮದರಾಸಿನ ಕಡೆಗೆ ಸಾಗುವ ರೈಲುಹಾದಿಯಲ್ಲಿ ವೈಟ್‌ಫೀಲ್ಡ್ ಎಂಬ ನಿಲ್ದಾಣವಿದೆ. 1882ರಲ್ಲಿ ಡಿ. ಎಸ್. ವೈಟ್ ಎಂಬವರು ಮಹಾರಾಜ ಚಾಮರಾಜೇಂದ್ರ ಒಡೆಯರಿಂದ ಭೂಮಿಯನ್ನು ಪಡೆದು, ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ನೆಲೆಗೊಳಿಸಿದ ಊರಿಗೆ ಈ ಹೆಸರು ಬಂದಿತು. ಹಾದಿ ಊರಿಗಿಂತಲೂ ಹಳೆಯದು. 1864ರಲ್ಲಿಯೇ ಬೆಂಗಳೂರಿನ ದಂಡು ಪ್ರದೇಶಕ್ಕೆ ಉಗಿಬಂಡಿ ಬಂದಿತ್ತು. ವೈಟ್‌ಫೀಲ್ಡಿನಿಂದ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕಗಳನ್ನು ಹಾದು ಬೆಂಗಳೂರಿಗೆ ಮರಳಿದರೆ ಹಳಿಗಳ ದೊಡ್ಡದೊಂದು ಉಂಗುರವು ಪೂರ್ಣವಾಗುತ್ತದೆ. ಆ ಉಂಗುರದ ಉತ್ತರದ ಅಂಚಿನಲ್ಲಿ, ನಂದಿಬೆಟ್ಟದ ಸಮೀಪದಲ್ಲಿ, ಮುದ್ದೇನಹಳ್ಳಿ ಎಂಬ ಚಿಕ್ಕ ಗ್ರಾಮವಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಜನಿಸಿದುದು ಅಲ್ಲಿಯೇ.

ಆಗ ಆ ಉಂಗುರವಿರಲಿಲ್ಲ. ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ ಬರಬೇಕಾದರೆ ಎತ್ತಿನ ಗಾಡಿಯನ್ನು ನಂಬಬೇಕು, ಇಲ್ಲವೇ ನಡೆಯಬೇಕು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತದಲ್ಲಿ ವಿದ್ವಾಂಸರು; ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಬಾಲಕನು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಚಿಕ್ಕಬಳ್ಳಾಪುರದಲ್ಲಿ ಮೊದಲ ವಿದ್ಯಾಭ್ಯಾಸವನ್ನು ಮುಗಿಸಿ, ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದನು. ಸೆಂಟ್ರಲ್ ಕಾಲೇಜಿನಲ್ಲಿ ಓದು, ಅನುಕೂಲಸ್ಥರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ, ಮಾವನ ಮನೆಯಲ್ಲಿ ಊಟ—ಈ ಮೂರರ ನಡುವೆ ಕಾಲುಗಳೇ ವಾಹನ. 1881ರಲ್ಲಿ ಬಿ. ಎ. ಪದವಿ ದೊರೆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ಆತನನ್ನು ಪುಣೆಯ ಕಾಲೇಜಿಗೆ ಕಳುಹಿಸಿತು. ಅಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಉನ್ನತ ಸ್ಥಾನವನ್ನು ಗಳಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದನು.

ಮುಂದಿನ ಇಪ್ಪತ್ತೈದು ವರ್ಷಗಳ ಕಾರ್ಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, 1908ರ ಮೂಸಿ ನದಿಯ ಪ್ರವಾಹದ ತರುವಾಯ ಹೈದರಾಬಾದಿಗೆ ಒದಗಿಸಿದ ರಕ್ಷಣೆಯ ಯೋಜನೆ, ಇವೆಲ್ಲ ವಿದ್ಯಾರ್ಥಿಗಳು ಕೇಳಿರುವ ಸಂಗತಿಗಳೇ. ರೈಲಿನ ಸಪ್ಪಳದ ವ್ಯತ್ಯಾಸದಿಂದಲೇ ಮುಂದೆ ಹಳಿ ಮುರಿದಿರುವುದನ್ನು ಅವರು ಅರಿತು ಬಂಡಿಯನ್ನು ನಿಲ್ಲಿಸಿದರೆಂಬ ಕಥೆಯೊಂದು ಜನರ ಬಾಯಲ್ಲಿ ಓಡಾಡುತ್ತದೆ. ಅದು ನಡೆದದ್ದೋ, ಕಟ್ಟಿದ್ದೋ. ಅದಿಲ್ಲದೆಯೂ ಅವರ ಹಿರಿಮೆಗೆ ಕುಂದಿಲ್ಲ.

1909ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾದರು. ರೈಲ್ವೆಯ ಹೊಣೆಯೂ ಅವರ ಮೇಲೆ ಬಿದ್ದಿತು. ಸಂಸ್ಥಾನದ ಮುಖ್ಯ ಹಾದಿಗಳನ್ನು ಆಗ ನಡೆಸುತ್ತಿದ್ದುದು ಹೊರಗಿನ ಕಂಪನಿ. ಬೆಳೆದ ಧಾನ್ಯವು ಸಂತೆಯನ್ನು ತಲುಪದಿದ್ದರೆ ಬೆಳೆದೂ ಫಲವಿಲ್ಲವೆಂಬುದನ್ನು ಬಲ್ಲ ಅವರು ಹೊಸ ಹಾದಿಗಳಿಗಾಗಿ ಶ್ರಮಿಸಿದರು. 1912ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಆ ಪದವಿಯನ್ನು ಒಪ್ಪಿಕೊಳ್ಳುವ ಮುನ್ನ ಬಂಧುಗಳನ್ನೆಲ್ಲ ಕರೆಯಿಸಿ, ಯಾರೂ ತಮ್ಮಿಂದ ಸ್ವಂತಕ್ಕಾಗಿ ಯಾವ ಉಪಕಾರವನ್ನೂ ಕೇಳಕೂಡದೆಂದು ಮಾತು ಪಡೆದರೆಂಬುದು ಪ್ರಸಿದ್ಧವಾಗಿದೆ.

ಇಂತಹವರ ಅಧಿಕಾರಾವಧಿಯಲ್ಲಿಯೇ, 1915ರಲ್ಲಿ, ಯಲಹಂಕವನ್ನು ಹಾದು ಚಿಕ್ಕಬಳ್ಳಾಪುರಕ್ಕೆ ರೈಲು ಹೋಯಿತು. ದಿವಾನರು ತಮ್ಮ ಊರಿಗೆ ರೈಲು ಹಾಕಿಸಿಕೊಂಡರೇ ಎಂಬ ಸಂದೇಹವು ಯಾರಲ್ಲಾದರೂ ಮೂಡಬಹುದು. ಭೂಪಟವನ್ನು ಬಿಡಿಸಿ ನೋಡಿದರೆ ಉತ್ತರವು ದೊರೆಯುತ್ತದೆ. ಹಾದಿಯು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿಗಳಲ್ಲಿ ನಿಂತು ಚಿಕ್ಕಬಳ್ಳಾಪುರವನ್ನು ಸೇರುತ್ತದೆ, ಮುದ್ದೇನಹಳ್ಳಿಗೆ ನಿಲ್ದಾಣವಿಲ್ಲ. ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲದ ಆ ಸೀಮೆಯಲ್ಲಿ ಕೆರೆಬಾವಿಗಳನ್ನು ನಂಬಿ ಬದುಕುವ ರೈತರಿಗೂ ಪೇಟೆಯ ವರ್ತಕರಿಗೂ ಬೆಂಗಳೂರು ಹತ್ತಿರವಾಯಿತು.

ಅದು ಎರಡೂವರೆ ಅಡಿ ಅಂತರದ ಕಿರುಹಳಿ. ದೊಡ್ಡ ಹಳಿಯ ಅಂತರವು ಐದೂವರೆ ಅಡಿ. ಹಳಿ ಕಿರಿದಾದರೆ ಸೇತುವೆ ಕಿರಿದು, ತಿರುವು ಸುಲಭ, ಎಂಜಿನ್ ಹಗುರ. ಬಂಡಿಯ ವೇಗವು ಕಡಮೆಯಾದರೂ ವೆಚ್ಚವೂ ಅಷ್ಟೇ ಕಡಮೆ. ಹಣವಿಲ್ಲವೆಂದು ಕಾಯುವುದಕ್ಕಿಂತ ಕೈಗೆಟಕುವ ರೈಲನ್ನು ಓಡಿಸುವುದೇ ವಿವೇಕವೆಂದು ತೋರಿರಬೇಕು. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿಯೇ ಇಂತಹ ಹಳಿ ಬಿದ್ದಿತ್ತು. ಕಾಲಾನಂತರದಲ್ಲಿ ಎರಡೂ ಕೂಡಿಕೊಂಡವು.

1918ರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತ್ಯಜಿಸಿದರು. ದುಡಿಮೆಯನ್ನು ತ್ಯಜಿಸಲಿಲ್ಲ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಅವರ ಶ್ರಮವನ್ನು ಬಹುವಾಗಿ ಬೇಡಿತು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಸಂದಿತು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರ ವಯಸ್ಸು ನೂರನ್ನು ದಾಟಿತ್ತು. ಅವರ ಸಮಾಧಿಯಿರುವುದು ಮುದ್ದೇನಹಳ್ಳಿಯಲ್ಲಿ.

ಕಿರುಹಳಿಯು ಈಗ ದೊಡ್ಡ ಹಳಿಯಾಗಿದೆ; ಉಗಿಬಂಡಿಗಳು ಮರೆಯಾಗಿವೆ. ಆದರೆ ದೊಡ್ಡಜಾಲ, ದೇವನಹಳ್ಳಿ, ನಂದಿಗಳ ಹಳೆಯ ನಿಲ್ದಾಣಗಳು ಉಳಿದುಕೊಂಡಿವೆ. ಬಹುಕಾಲ ಪಾಳುಬಿದ್ದಿದ್ದ ಈ ಕಟ್ಟಡಗಳನ್ನು ಪಾರಂಪರಿಕ ಸ್ವತ್ತೆಂದು ಗುರುತಿಸಿ ಜೀರ್ಣೋದ್ಧಾರ ಮಾಡುವ ಕಾರ್ಯವನ್ನು ಇಂಟ್ಯಾಕ್ ಸಂಸ್ಥೆಯು ರೈಲ್ವೆಯೊಡನೆ ಕೈಗೊಂಡಿತು. 2021ರಲ್ಲಿ ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ ವಿಮಾನ ನಿಲ್ದಾಣಕ್ಕಾಗಿ ಒಂದು ಹೊಸ ನಿಲುಗಡೆಯೂ ಆಯಿತು.

ವೈಟ್‌ಫೀಲ್ಡಿನಿಂದ ನಗರದ ಕಡೆಗೆ ಬರುವವರಿಗೆ ಕೃಷ್ಣರಾಜಪುರದ ಆಚೆ ಬೈಯಪ್ಪನಹಳ್ಳಿಯಲ್ಲಿ ವಿಶಾಲವಾದ ಟರ್ಮಿನಲ್ ಎದುರಾಗುತ್ತದೆ. 2022ರಿಂದ ರೈಲುಗಳು ಹೊರಡುತ್ತಿರುವ ಆ ನಿಲ್ದಾಣಕ್ಕೆ ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟಿದ್ದಾರೆ. ಅವರ ಹಳ್ಳಿಗೆ ಹೋಗಬೇಕೆನ್ನುವವರು ಮಾತ್ರ ಇಂದಿಗೂ ಚಿಕ್ಕಬಳ್ಳಾಪುರದಲ್ಲೋ ನಂದಿಯಲ್ಲೋ ಇಳಿದು, ಉಳಿದ ದಾರಿಯನ್ನು ರಸ್ತೆಯಲ್ಲಿ ಕ್ರಮಿಸಬೇಕು.