ಚೆಂಡು ಕೊಟ್ಟರು, ನಾಯಕಪಟ್ಟ ಕೊಡಲಿಲ್ಲ

ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್ ಎಂದು ಹೆಸರಾದ ಪಲ್ವಂಕರ್ ಬಾಲೂ ಜನಿಸಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ. ಅಸ್ಪೃಶ್ಯರೆನಿಸಿದ್ದ ಚರ್ಮಕಾರ ಸಮುದಾಯದ ಅವರ ತಂದೆ ಸೇನೆಯಲ್ಲಿದ್ದರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನ ಹದಗೊಳಿಸುತ್ತ, ಇಂಗ್ಲಿಷ್ ಆಟಗಾರರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಬಾಲೂ ಎಡಗೈ ಸ್ಪಿನ್ ಕಲೆಯನ್ನು ಕರಗತ ಮಾಡಿಕೊಂಡರು. ಮುಂದೆ ಪುಣೆಯ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು; ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯೇ ಗತಿಯಾಗಿತ್ತು.

1911ರಲ್ಲಿ ಪಟಿಯಾಲ ಮಹಾರಾಜರ ತಂಡದೊಡನೆ ಇಂಗ್ಲೆಂಡಿಗೆ ತೆರಳಿ 114 ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ದಕ್ಕಲಿಲ್ಲ. 1920ರಲ್ಲಿ ಸೋದರರು ಪ್ರತಿಭಟಿಸಿ ಹೊರಗುಳಿದ ಮೇಲೆ ಉಪನಾಯಕ ಸ್ಥಾನ ಬಂತು. 1923ರಲ್ಲಿ ತಮ್ಮ ವಿಠ್ಠಲ ನಾಯಕರಾದರು.

ಆಟದ ನಂತರ ಬಾಲೂ ಮುಂಬೈಯ ಸಾರ್ವಜನಿಕ ಜೀವನಕ್ಕೆ ಇಳಿದರು. ಅವರ ಆಟವನ್ನು ಮೆಚ್ಚಿದ್ದ ಅಂಬೇಡ್ಕರ್ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೇಳಿದಾಗ, ಬಾಲೂ ಜಂಟಿ ಮತಕ್ಷೇತ್ರದ ಪರ ನಿಂತರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರರ ವಿರುದ್ಧ ಸ್ಪರ್ಧಿಸಿ, ಸುಮಾರು 2000 ಮತಗಳಿಂದ ಸೋತರು. 1955ರಲ್ಲಿ ನಿಧನರಾದರು.

ಇತಿಹಾಸ ಅವರನ್ನು ಆ ಸೋಲಿನಿಂದಷ್ಟೇ ಅಳೆಯುವುದು ನ್ಯಾಯವಲ್ಲ. ಪ್ರತಿಭೆಯೊಂದರಿಂದಲೇ ಮುಚ್ಚಿದ ಬಾಗಿಲುಗಳನ್ನು ತೆರೆಸಿದ್ದ ಬಾಲೂ ಸವರ್ಣರ ಮನಪರಿವರ್ತನೆಯನ್ನು ನಂಬಿದ್ದು ಸಹಜವೇ ಆಗಿತ್ತು. ಅಷ್ಟು ಪ್ರತಿಭೆಗೂ ಕೊನೆಯವರೆಗೆ ಒಲಿಯದ ನಾಯಕಪಟ್ಟವು ಅಂಬೇಡ್ಕರರ ಸಂಶಯಕ್ಕೆ ಸಾಕ್ಷಿಯಾಗಿತ್ತು.